ಜರ್ಮನಿಯ ವರ, ತೀರ್ಥಹಳ್ಳಿಯ ಚಪ್ಪರ: ಮೊದಲು ಆಗಬೇಕಾದ ಕಾಗದ ಯಾವುದು?

ಪ್ರಶ್ನೆ: ನನಗೆ 29 ವರ್ಷ. ತೀರ್ಥಹಳ್ಳಿ ತಾಲ್ಲೂಕಿನ ಹಳ್ಳಿಯವಳು. ಬೆಂಗಳೂರಿನ ಕಂಪನಿಯೊಂದಕ್ಕೆ ಮನೆಯಿಂದಲೇ ಕೆಲಸ ಮಾಡುತ್ತೇನೆ. ನಾನು ಮದುವೆಯಾಗಲಿರುವವರು ಜರ್ಮನಿಯವರು, ಕ್ರೈಸ್ತರು. ನಾಲ್ಕು ವರ್ಷದ ಪರಿಚಯ, ಎರಡೂ ಮನೆಯವರು ಒಪ್ಪಿದ್ದಾರೆ. ಮಾಘದಲ್ಲಿ ಮನೆಯಂಗಳದಲ್ಲೇ ಚಪ್ಪರ ಹಾಕಿ ಧಾರೆ ಎರೆದು ಕೊಡಬೇಕೆಂಬುದು ಅಪ್ಪನ ಆಸೆ. ಅವರು ಟೂರಿಸ್ಟ್ ವೀಸಾದಲ್ಲಿ ಬಂದು ಮದುವೆಯಾಗಬಹುದೇ? ಆಮೇಲೆ ಇಲ್ಲೇ ಇರಲು ಯಾವ ವೀಸಾ ಬೇಕು? ನಾನೇ ಅಲ್ಲಿಗೆ ಹೋಗುವುದಾದರೆ ಹೇಗೆ? ಮನೆಯಲ್ಲಿ ಅಜ್ಜನ ಕಾಲದ ಮೂರೂವರೆ ಎಕರೆ ಅಡಿಕೆ ತೋಟವಿದೆ. ಅಪ್ಪ, ಅಣ್ಣ, ನಾನು ಇನ್ನೂ ಪಾಲಾಗಿಲ್ಲ. ಪಕ್ಕದ ಎರಡು ಎಕರೆ ಮಾರಾಟಕ್ಕಿದೆ. ಅದನ್ನು ಅವರ ಹೆಸರಿಗೆ ತೆಗೆದುಕೊಳ್ಳಬಹುದೇ?

ಉತ್ತರ: ‘ಧಾರೆ ಎರೆದು ಕೊಡಬೇಕು’ ಎಂಬ ನಿಮ್ಮ ಮಾತು ಓದಿದ ಕೂಡಲೇ ಸಾಗರದ ಕಡೆಯ ಒಂದು ಜೋಡಿ ನೆನಪಾಯಿತು. ಮದುವೆಯಾಗಿ ಎರಡು ವರ್ಷ ದಾಟಿತ್ತು. ಒಂದು ಮಳೆಗಾಲದ ಮಧ್ಯಾಹ್ನ ಇಬ್ಬರೂ ಶಿವಮೊಗ್ಗದ ನನ್ನ ಕಚೇರಿಗೆ ಬಂದರು. ಹುಡುಗಿ ಪ್ಲಾಸ್ಟಿಕ್ ಚೀಲ ಬಿಚ್ಚಿ, ಟವೆಲಿನಲ್ಲಿ ಸುತ್ತಿ ತಂದಿದ್ದ ಮದುವೆ ಆಲ್ಬಂ ತೆಗೆದು ಮೇಜಿನ ಮೇಲಿಟ್ಟಳು. ಚಪ್ಪರದ ತುಂಬ ಸಿಂಗಾರ, ಪಂಚೆಯುಟ್ಟು ಬಾಸಿಂಗ ಕಟ್ಟಿಕೊಂಡ ವಿದೇಶಿ ಅಳಿಯ, ತಂಬಿಗೆ ಹಿಡಿದ ಅಪ್ಪನ ಕೈ, ಕೈಯಿಂದ ಇಳಿಯುತ್ತಿರುವ ನೀರು. ‘ಎರಡು ವರ್ಷ ಆಯ್ತು ಮೇಡಂ, ಈಗ ಇವರಿಗೆ ಒಸಿಐ ಕಾರ್ಡ್ ಮಾಡಿಸಬಹುದಲ್ಲ?’ ಎಂದು ಕೇಳಿದಳು. ವಿದೇಶಿಯರು ಜೀವನಪೂರ್ತಿ ಇಲ್ಲಿಗೆ ಬಂದು ಹೋಗಲು ಕೊಡುವ ಕಾರ್ಡು ಅದು; ಭಾರತೀಯರ ಸಂಗಾತಿಗೆ ಸಿಗುವುದು ಮದುವೆ ನೋಂದಣಿಯಾಗಿ ಎರಡು ವರ್ಷದ ಮೇಲೆ. ನೋಂದಣಿ ಪತ್ರ ಎಲ್ಲಿ ಎಂದೆ. ಇಬ್ಬರೂ ಮುಖ ಮುಖ ನೋಡಿಕೊಂಡರು. ಊರಿಗೆ ಊರೇ ಉಂಡು ಹರಸಿ ಹೋದ ಆ ಮದುವೆ ಸರ್ಕಾರದ ಪುಸ್ತಕದಲ್ಲಿ ಆಗಿಯೇ ಇರಲಿಲ್ಲ. ಎರಡು ವರ್ಷದ ಲೆಕ್ಕ ಅಂದಿನಿಂದ ಶುರುಮಾಡಬೇಕಾಯಿತು. ಅಷ್ಟೂ ದಿನ ಆ ಹುಡುಗ ಟೂರಿಸ್ಟ್ ವೀಸಾದಲ್ಲಿ ಬಂದು ಹೋಗಿ, ಬಂದು ಹೋಗಿ ಮಾಡಿದ್ದ.

ನಿಮಗೆ ಹಾಗಾಗುವುದು ಬೇಡ. ನೀವು ಕೇಳಿದ ಅಷ್ಟೂ ಪ್ರಶ್ನೆಗಳು, ವೀಸಾದಿಂದ ಹಿಡಿದು ತೋಟದವರೆಗೆ, ನೋಂದಣಿ ಪತ್ರದ ಮೇಲಿನ ಒಂದು ತಾರೀಕಿಗೆ ಬಂದು ನಿಲ್ಲುತ್ತವೆ. ಆದ್ದರಿಂದ ಅಲ್ಲಿಂದಲೇ ಹೊರಡೋಣ.

ಹಿಂದೂ ವಿವಾಹ ಕಾಯ್ದೆ 1955ರ ಪ್ರಕಾರ ಧಾರೆ, ಸಪ್ತಪದಿಯಿಂದ ಮದುವೆ ಸಿಂಧುವಾಗುವುದು ಇಬ್ಬರೂ ಹಿಂದೂಗಳಾಗಿದ್ದರೆ ಮಾತ್ರ. ನಿಮ್ಮ ಪ್ರಕರಣದಲ್ಲಿ ಹಾಗಿಲ್ಲ. ಕೆಲವು ಮನೆಗಳಲ್ಲಿ ‘ಹುಡುಗನನ್ನು ಹಿಂದೂ ಮಾಡಿಕೊಂಡರೆ ಆಯಿತಲ್ಲ’ ಎನ್ನುತ್ತಾರೆ. ನಂಬಿಕೆಯಿಂದ ಬಂದದ್ದಾದರೆ ಅದು ಅವರವರ ಮನಸ್ಸು. ಕಾಗದಕ್ಕೋಸ್ಕರ ಧರ್ಮ ಬದಲಿಸುವುದನ್ನು ನಾನು ಯಾರಿಗೂ ಹೇಳಿಲ್ಲ, ನಿಮಗೂ ಹೇಳುವುದಿಲ್ಲ. ನಿಮ್ಮಂಥವರಿಗೆಂದೇ ವಿಶೇಷ ವಿವಾಹ ಕಾಯ್ದೆ, 1954 ಇದೆ. ಯಾರ ಧರ್ಮವೂ ಬದಲಾಗಬೇಕಿಲ್ಲ, ಒಬ್ಬರು ವಿದೇಶಿಯಾಗಿದ್ದರೂ ಅಡ್ಡಿಯಿಲ್ಲ.

ಈ ಕಾಯ್ದೆಯಲ್ಲಿ ಮೊದಲು ವಿವಾಹಾಧಿಕಾರಿಗೆ, ಅಂದರೆ ಸಬ್‌ರಿಜಿಸ್ಟ್ರಾರರಿಗೆ, ಮದುವೆಯಾಗಲಿದ್ದೇವೆ ಎಂಬ ನೋಟಿಸು ಕೊಡಬೇಕು. ಇಬ್ಬರಲ್ಲಿ ಒಬ್ಬರಾದರೂ ಹಿಂದಿನ 30 ದಿನ ಆ ಜಿಲ್ಲೆಯಲ್ಲಿ ವಾಸವಿದ್ದರೆ ಸಾಕು. ನೀವು ಊರಿನಲ್ಲೇ ಇದ್ದೀರಿ, ಅದು ನಡೆಯುತ್ತದೆ. ನೋಟಿಸನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣುವ ಕಡೆ ಅಂಟಿಸುತ್ತಾರೆ. ಅಲ್ಲಿಂದ 30 ದಿನ ತಕರಾರಿಗೆ ಅವಕಾಶ. ತಕರಾರು ಎಂದರೆ ಯಾರೋ ಬಂದು ‘ಜಾತಿ ಬೇರೆ, ದೇಶ ಬೇರೆ’ ಎನ್ನುವುದಲ್ಲ. ಒಬ್ಬರಿಗೆ ಆಗಲೇ ಮದುವೆಯಾಗಿ ಸಂಗಾತಿ ಬದುಕಿದ್ದಾರೆ, ವಯಸ್ಸು ತುಂಬಿಲ್ಲ, ನಿಷೇಧಿತ ರಕ್ತಸಂಬಂಧ, ಒಪ್ಪಿಗೆ ಕೊಡುವ ಮಾನಸಿಕ ಸ್ಥಿತಿ ಇಲ್ಲ, ಇಂಥ ಕಾರಣಗಳಿಗಷ್ಟೇ ಅಲ್ಲಿ ಬೆಲೆ. ನಿಮ್ಮ ಮನೆಯವರು ಒಪ್ಪಿರುವುದರಿಂದ ನಿಮಗೆ ಈ ಚಿಂತೆ ಇಲ್ಲ. ಆದರೂ ಒಂದು ಮಾತು: ತಾಲ್ಲೂಕು ಕೇಂದ್ರದ ಸಬ್‌ರಿಜಿಸ್ಟ್ರಾರ್ ಆಫೀಸಿಗೆ ದಿನಕ್ಕೆ ಎಷ್ಟು ಜನ ತೋಟ, ಗದ್ದೆಯ ಕೆಲಸಕ್ಕೆ ಬರುತ್ತಾರೆ ಎಂಬುದು ನಿಮಗೂ ಗೊತ್ತು. ಆ ಹಾಳೆಯನ್ನು ಅವರಿವರು ಓದಿ ಸುದ್ದಿ ಮುಟ್ಟಿಸುವ ಮೊದಲು ಅತ್ತೆ, ಚಿಕ್ಕಪ್ಪಂದಿರಿಗೆ ಅಪ್ಪನೇ ಹೇಳಲಿ. ಎಷ್ಟೋ ಮನೆಗಳಲ್ಲಿ ಮನಸ್ಸು ಮುರಿದದ್ದು ಮದುವೆಗಲ್ಲ, ‘ನಮಗೆ ಬೋರ್ಡಿನಿಂದ ಗೊತ್ತಾಯಿತು’ ಎಂಬ ಕಾರಣಕ್ಕೆ.

30 ದಿನ ಕಳೆದ ಮೇಲೆ ಮೂವರು ಸಾಕ್ಷಿಗಳೊಂದಿಗೆ ವಿವಾಹಾಧಿಕಾರಿಯ ಎದುರು ಘೋಷಣೆಗೆ ಸಹಿ ಮಾಡಿ, ಒಬ್ಬರನ್ನೊಬ್ಬರು ಪತಿ ಪತ್ನಿಯಾಗಿ ಸ್ವೀಕರಿಸಿದ್ದೇವೆ ಎಂಬ ಮಾತನ್ನು ಬಾಯಿಬಿಟ್ಟು ಹೇಳಬೇಕು. ಇಬ್ಬರಿಗೂ ಅರ್ಥವಾಗುವ ಯಾವ ಭಾಷೆಯಲ್ಲಿ ಬೇಕಾದರೂ ಹೇಳಬಹುದು. ನಾಲ್ಕು ವರ್ಷದಲ್ಲಿ ಅವರಿಗೆ ನಿಮ್ಮ ಕನ್ನಡ ಅಷ್ಟು ಬಂದಿದ್ದರೆ ಕನ್ನಡದಲ್ಲೇ ಹೇಳಿ. ನೋಟಿಸು ಕೊಟ್ಟ ದಿನದಿಂದ ಮೂರು ತಿಂಗಳೊಳಗೆ ಇದು ಮುಗಿಯದಿದ್ದರೆ ಹೊಸ ನೋಟಿಸು ಕೊಟ್ಟು ಮತ್ತೆ 30 ದಿನ ಕಾಯಬೇಕು.

ಈಗ ನಿಮ್ಮ ಮಾಘದ ಲೆಕ್ಕ ಹಾಕೋಣ. ಧಾರೆ ಫೆಬ್ರುವರಿಯ ಮೊದಲ ಭಾಗದಲ್ಲಿ ಎಂದುಕೊಳ್ಳಿ. ಡಿಸೆಂಬರ್ ಮೊದಲ ವಾರದಲ್ಲಿ ಇಬ್ಬರೂ ಸಹಿ ಮಾಡಿ ನೋಟಿಸು ಕೊಟ್ಟರೆ ಜನವರಿ ಎರಡನೇ ವಾರದ ಹೊತ್ತಿಗೆ ನೋಂದಣಿ. ಆಮೇಲೆ ನಿಶ್ಚಿಂತೆಯಿಂದ ಚಪ್ಪರ ಹಾಕಿ. ಧಾರೆ ಮೊದಲು ಮಾಡಿ, ಆಮೇಲೆ ಅದನ್ನೇ ಇದೇ ಕಾಯ್ದೆಯ 15ನೇ ಕಲಮಿನಡಿ ನೋಂದಾಯಿಸಲೂ ದಾರಿಯಿದೆ. ಸಾಗರದ ಜೋಡಿ ಕೊನೆಗೆ ಮಾಡಿದ್ದು ಅದನ್ನೇ. ಆದರೆ ಅಲ್ಲಿ ಇಬ್ಬರೂ 30 ದಿನ ಜಿಲ್ಲೆಯಲ್ಲಿ ವಾಸವಿರಬೇಕು, ನೋಟಿಸಿನ 30 ದಿನ ಬೇರೆ. ಟೂರಿಸ್ಟ್ ವೀಸಾದವರಿಗೆ ಅದು ಕಷ್ಟದ ದಾರಿ.

ಟೂರಿಸ್ಟ್ ವೀಸಾದಲ್ಲಿ ಬಂದು ಮದುವೆಯಾಗಬಹುದೇ ಎಂದು ಕೇಳಿದ್ದೀರಿ. ಆಗಬಹುದು. ವಿವಾಹ ಕಾಯ್ದೆ ಇಂಥದೇ ವೀಸಾ ಇರಬೇಕು ಎನ್ನುವುದಿಲ್ಲ. ವೀಸಾ ಚಾಲ್ತಿಯಲ್ಲಿರಬೇಕು, ಅಷ್ಟೆ. ಆದರೆ 30 ದಿನದ ಇ-ಟೂರಿಸ್ಟ್ ವೀಸಾ ತೆಗೆದುಕೊಂಡು ಬಂದರೆ ನೋಟಿಸಿನ ಅವಧಿ ಮುಗಿಯುವಷ್ಟರಲ್ಲಿ ಅವರು ವಿಮಾನ ಹತ್ತಬೇಕಾಗುತ್ತದೆ. ಹೆಚ್ಚು ಅವಧಿಯದನ್ನೇ ತೆಗೆದುಕೊಳ್ಳಲಿ, ಮತ್ತು ಒಮ್ಮೆಗೆ ಎಷ್ಟು ದಿನ ಇರಬಹುದು ಎಂದು ವೀಸಾದಲ್ಲೇ ಬರೆದಿರುವುದನ್ನು ಓದಿಕೊಂಡು ಬರಲಿ. ವೀಸಾದ ಒಟ್ಟು ಅವಧಿಯೇ ಬೇರೆ, ಒಂದು ಸಲದ ವಾಸ್ತವ್ಯದ ಮಿತಿಯೇ ಬೇರೆ. ಇಲ್ಲಿ ಎಡವಿದವರನ್ನು ಬೇಕಾದಷ್ಟು ನೋಡಿದ್ದೇನೆ.

ಅವರ ಕಡೆಯಿಂದ ಬೇಕಾದ ಮುಖ್ಯ ಕಾಗದ, ಮದುವೆಗೆ ಕಾನೂನಿನ ಅಡ್ಡಿಯಿಲ್ಲ ಎಂಬ ಪ್ರಮಾಣಪತ್ರ. ಜರ್ಮನಿಯಲ್ಲಿ ಅದನ್ನು ಕೊಡುವುದು ಅವರ ಊರಿನ ಸಿವಿಲ್ ನೋಂದಣಿ ಕಚೇರಿ, ಅವರ ಭಾಷೆಯಲ್ಲಿ ಸ್ಟಾಂಡಸ್ಆಮ್ಟ್. ಅದಕ್ಕೆ ಆರು ತಿಂಗಳಷ್ಟೇ ಆಯಸ್ಸು. ಬಹಳ ಬೇಗ ಮಾಡಿಸಿದರೆ ಸತ್ತು ಹೋಗುತ್ತದೆ, ತಡ ಮಾಡಿದರೆ ಕೈಗೆ ಬರುವುದಿಲ್ಲ. ಅದನ್ನು ಕೊಡುವ ಮುಂಚೆ ಅವರು ನಿಮ್ಮ ಜನನ ಪ್ರಮಾಣಪತ್ರ ಮತ್ತು ನಿಮಗೆ ಮದುವೆಯಾಗಿಲ್ಲ ಎಂಬುದರ ದಾಖಲೆಯನ್ನೂ ಕೇಳುತ್ತಾರೆ. ಅಂದರೆ ಡಿಸೆಂಬರಿನ ನೋಟಿಸಿಗೆ ಓಡಾಟ ಮಳೆಗಾಲದಲ್ಲೇ ಶುರುವಾಗಬೇಕು. ಅಲ್ಲಿಂದ ಬಂದ ಕಾಗದಕ್ಕೆ ಯಾವ ದೃಢೀಕರಣ, ಯಾವ ಭಾಷಾಂತರ ಬೇಕು ಎಂದು ನಿಮ್ಮ ವಿವಾಹಾಧಿಕಾರಿಯನ್ನು ಮುಂಚೆಯೇ ಖುದ್ದಾಗಿ ಕೇಳಿ ಬರೆದಿಟ್ಟುಕೊಳ್ಳಿ.

ನೋಂದಣಿ ಆಯಿತು, ಧಾರೆಯೂ ಆಯಿತು. ಇಲ್ಲೇ ಇರಲು ಅವರಿಗೆ ಬೇಕಾದದ್ದು ಎಂಟ್ರಿ ವೀಸಾ. ಎಕ್ಸ್ ವೀಸಾ ಎಂದೇ ಕರೆಯುತ್ತಾರೆ, ಭಾರತೀಯರ ಪತಿ, ಪತ್ನಿಯರಿಗೆ ಕೊಡುವಂಥದು. ಮದುವೆಯ ಕಾರಣಕ್ಕೆ ಇಲ್ಲಿದ್ದುಕೊಂಡೇ ವೀಸಾ ಬದಲಿಸಿಕೊಳ್ಳಲು ವಿದೇಶಿಯರ ಪ್ರಾದೇಶಿಕ ನೋಂದಣಿ ಕಚೇರಿಗೆ (ಎಫ್‌ಆರ್‌ಆರ್‌ಒ) ಆನ್‌ಲೈನಿನಲ್ಲಿ ಅರ್ಜಿ ಹಾಕುವ ವ್ಯವಸ್ಥೆ ಇದೆ. ಆದರೆ ಇ-ವೀಸಾದ ಷರತ್ತಿನಲ್ಲೇ ಅದನ್ನು ವಿಸ್ತರಿಸಲಾಗದು, ಬದಲಿಸಲಾಗದು ಎಂದಿರುತ್ತದೆ. ಆದ್ದರಿಂದ ನನ್ನ ಸಲಹೆ ಸರಳ: ನೋಂದಣಿ ಪತ್ರ ಹಿಡಿದು ಅವರು ಒಮ್ಮೆ ಊರಿಗೆ ಹೋಗಿ, ಅಲ್ಲಿನ ಭಾರತೀಯ ದೂತಾವಾಸದ ಮೂಲಕ ಎಕ್ಸ್ ವೀಸಾ ಮಾಡಿಸಿಕೊಂಡು ಬರಲಿ. ಮದುವೆಯಾದ ಕೂಡಲೇ ಅಗಲಿರುವುದು ಕಷ್ಟ, ನನಗೆ ಗೊತ್ತು. ಇಲ್ಲಿ ಅರ್ಜಿ ತಿರಸ್ಕಾರವಾಗಿ, ವಾಸ್ತವ್ಯದ ದಿನ ಮೀರಿ, ಆ ಕಲೆ ಪಾಸ್‌ಪೋರ್ಟಿನ ಇತಿಹಾಸದಲ್ಲಿ ಉಳಿಯುವುದು ಇನ್ನೂ ಕಷ್ಟ.

180 ದಿನಕ್ಕಿಂತ ಹೆಚ್ಚಿನ ವೀಸಾದಲ್ಲಿ ಬಂದವರು 14 ದಿನದೊಳಗೆ ಹೆಸರು ನೋಂದಾಯಿಸಬೇಕು. ನಮ್ಮಂಥ ಜಿಲ್ಲೆಗಳಲ್ಲಿ ಪೊಲೀಸ್ ವರಿಷ್ಠಾಧಿಕಾರಿಯೇ ವಿದೇಶಿಯರ ನೋಂದಣಿ ಅಧಿಕಾರಿ; ಅರ್ಜಿ ಮಾತ್ರ ಆನ್‌ಲೈನ್. ಕರೆಂಟು, ನೆಟ್ಟು ಕೈಕೊಡುವ ದಿನಗಳಲ್ಲಿ ಮನೆಯ ಜಗಲಿಯಲ್ಲಿ ಕೂತು ಪಾಸ್‌ಪೋರ್ಟಿನ ಪುಟಗಳನ್ನು ಅಪ್‌ಲೋಡ್ ಮಾಡಲು ಒದ್ದಾಡಬೇಡಿ, ಒಂದು ದಿನ ಶಿವಮೊಗ್ಗಕ್ಕೆ ಬಂದು ಮುಗಿಸಿ. ಇನ್ನೊಂದು ಸಂಗತಿ ಬಹಳ ಮನೆಯವರಿಗೆ ಗೊತ್ತಿಲ್ಲ. ವಿದೇಶಿಯರು ಲಾಡ್ಜಿನಲ್ಲಿ ಉಳಿದಾಗ ತುಂಬುವ, ಸಿ ಫಾರಂ ಎಂದೇ ಕರೆಯುತ್ತ ಬಂದ ಮಾಹಿತಿ ಫಾರಂ ಹೋಂಸ್ಟೇಗೂ ಅನ್ವಯ, ಖಾಸಗಿ ಮನೆಗೂ ಅನ್ವಯ. ಅವರು ಬಂದು 24 ಗಂಟೆಯೊಳಗೆ ಮನೆಯ ಯಜಮಾನರು, ಅಂದರೆ ನಿಮ್ಮ ಅಪ್ಪ, ಆನ್‌ಲೈನಿನಲ್ಲಿ ಮಾಹಿತಿ ಕೊಡಬೇಕು. ಅಳಿಯನಾಗುವವರು ಎಂಬ ವಿನಾಯಿತಿ ಇಲ್ಲ. 1946ರ ವಿದೇಶಿಯರ ಕಾಯ್ದೆಯ ಜಾಗಕ್ಕೆ 2025ರ ಸೆಪ್ಟೆಂಬರ್ 1ರಿಂದ ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆ ಬಂದಿದೆ. ಮಾಹಿತಿ ಕೊಡುವ ಹೊಣೆ ಅದರಲ್ಲೂ ಮುಂದುವರಿದಿದೆ.

ವೀಸಾ ಬದಲಾವಣೆ, ಒಸಿಐ ಮುಂತಾದ ಅರ್ಜಿಗಳ ವಿಚಾರಣೆಗೆ ಠಾಣೆಯಿಂದ ಮನೆಗೆ ಬರಬಹುದು. ನಿಜವಾಗಿ ಮದುವೆಯಾಗಿದೆಯೇ, ಒಟ್ಟಿಗೇ ಇದ್ದಾರೆಯೇ ಎಂದು ನೋಡಿ ವರದಿ ಕೊಡುತ್ತಾರೆ. ಅಕ್ಕಪಕ್ಕದವರನ್ನು ಕೇಳಿದರೂ ಗಾಬರಿಯಾಗಬೇಡಿ. ಮನೆಗೆ ಪೊಲೀಸರು ಬಂದರೆಂದು ಅಮ್ಮ ಅತ್ತುಬಿಟ್ಟ ಮನೆಗಳಿವೆ. ಅಮ್ಮನಿಗೆ ಮುಂಚೆಯೇ ಹೇಳಿಡಿ.

ಎಕ್ಸ್ ವೀಸಾದಲ್ಲಿ ಅವರು ನಿಮ್ಮ ಜೊತೆ ಇರಬಹುದು, ಇಲ್ಲಿ ಸಂಬಳದ ಕೆಲಸವನ್ನಾಗಲೀ ವ್ಯಾಪಾರವನ್ನಾಗಲೀ ಮಾಡುವಂತಿಲ್ಲ. ನಮ್ಮ ಕಡೆ ವಿದೇಶಿ ಸಂಗಾತಿ ಬಂದರೆಂದರೆ ಮೊದಲ ಕನಸು ಹೋಂಸ್ಟೇ. ಮಾಡುವುದಾದರೆ ಮೊದಲ ಎರಡು ವರ್ಷ ಲೈಸೆನ್ಸು, ಬ್ಯಾಂಕ್ ಖಾತೆ, ವ್ಯವಹಾರ ಎಲ್ಲವೂ ನಿಮ್ಮ ಹೆಸರಿನಲ್ಲೇ, ನಿಮ್ಮ ಕೈಯಲ್ಲೇ ಇರಲಿ. ತೆರಿಗೆಯನ್ನೂ ಮರೆಯಬೇಡಿ: ಒಂದು ಆರ್ಥಿಕ ವರ್ಷದಲ್ಲಿ 182 ದಿನ ಇಲ್ಲಿ ಇದ್ದರೆ ಆದಾಯ ತೆರಿಗೆಯ ಲೆಕ್ಕದಲ್ಲಿ ಅವರು ಇಲ್ಲಿನ ನಿವಾಸಿ. ಅಲ್ಲಿನ ಆದಾಯದ ಬಗ್ಗೆ ಒಬ್ಬ ಲೆಕ್ಕಪರಿಶೋಧಕರನ್ನು ಕಾಣಿ. ಎರಡು ದೇಶಗಳ ನಡುವೆ ದ್ವಿತೆರಿಗೆ ತಪ್ಪಿಸುವ ಒಪ್ಪಂದವಿದೆ.

ಮದುವೆ ನೋಂದಣಿಯಾಗಿ, ಆ ಮದುವೆ ಎರಡು ವರ್ಷ ಸತತವಾಗಿ ಊರ್ಜಿತದಲ್ಲಿದ್ದ ಮೇಲೆ ಒಸಿಐ ಕಾರ್ಡಿಗೆ ಅರ್ಹತೆ ಬರುತ್ತದೆ. ಹೆಸರಿನಲ್ಲಿ ‘ಸಾಗರೋತ್ತರ ನಾಗರಿಕ’ ಎಂದಿದ್ದರೂ ಅದು ಪೌರತ್ವವಲ್ಲ. ಮತ ಹಾಕುವಂತಿಲ್ಲ. ಆದರೆ ಜೀವನಪೂರ್ತಿ ಬಂದು ಹೋಗಬಹುದು, ವಿದೇಶಿಯರ ನೋಂದಣಿಯ ಗೋಜಿಲ್ಲ, ಕೆಲಸ ಮಾಡಬಹುದು. ನೀವು ಹೇಳುವ ಬದುಕಿಗೆ ಇದೇ ಗಟ್ಟಿ ನೆಲೆ. ಅವರ ತಂದೆ ತಾಯಿ, ಅಜ್ಜ ಅಜ್ಜಿಯ ಮೂಲ ಪಾಕಿಸ್ತಾನ ಅಥವಾ ಬಾಂಗ್ಲಾದೇಶವಾಗಿದ್ದರೆ, ಅಥವಾ ಅವರು ತಮ್ಮ ದೇಶದ ಸೇನೆಯಲ್ಲಿ ಇದ್ದವರಾದರೆ ಕಾರ್ಡು ಸಿಗುವುದಿಲ್ಲ, ಕೇಳಿ ತಿಳಿದುಕೊಳ್ಳಿ. ವಿಚ್ಛೇದನವಾದರೆ ಮದುವೆಯಿಂದ ಬಂದ ಕಾರ್ಡೂ ರದ್ದಾಗಬಹುದು. ಪೌರತ್ವವೇ ಬೇಕೆಂದರೆ ಏಳು ವರ್ಷ ಇಲ್ಲಿ ವಾಸವಿದ್ದ ಮೇಲೆ ಅರ್ಜಿ ಹಾಕಬೇಕು, ಜರ್ಮನ್ ಪೌರತ್ವ ಬಿಡಬೇಕು. ಒಸಿಐ ಇದ್ದರೆ ಅದರ ಅಗತ್ಯ ನನಗೆ ಕಾಣುವುದಿಲ್ಲ.

ಇನ್ನು ತೋಟ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ಪಕ್ಕದ ಎರಡು ಎಕರೆಯನ್ನು ಅವರ ಹೆಸರಿಗೆ ಕೊಳ್ಳುವಂತಿಲ್ಲ. 2020ರಲ್ಲಿ ಕರ್ನಾಟಕ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿಯಾದ ಮೇಲೆ ‘ಈಗ ಯಾರು ಬೇಕಾದರೂ ಜಮೀನು ತಗೊಳ್ಳಬಹುದು’ ಎಂಬ ಮಾತು ಊರೂರಿನಲ್ಲಿದೆ. ಅದು ಕೃಷಿಕರಲ್ಲದ ಭಾರತೀಯರ ಮಾತು. ವಿದೇಶಿ ವಿನಿಮಯದ ಕಾನೂನು ಬೇರೆಯೇ ಇದೆ: ಒಸಿಐ ಕಾರ್ಡು ಬಂದ ಮೇಲೂ ಕೃಷಿ ಜಮೀನು, ಪ್ಲಾಂಟೇಶನ್, ಫಾರ್ಮ್‌ಹೌಸ್ ಕೊಳ್ಳಲು ಅವರಿಗೆ ಅವಕಾಶವಿಲ್ಲ. ಕೊಳ್ಳುವುದಾದರೆ ನಿಮ್ಮ ಹೆಸರಿಗೆ ಕೊಳ್ಳಿ. ಅವರು ಹಣ ಕೊಡುವುದಾದರೆ ಬ್ಯಾಂಕಿನ ಮೂಲಕವೇ, ನಿಮಗೆ ಕೊಟ್ಟ ದಾನ ಎಂಬ ಬರಹದೊಂದಿಗೆ, ಮದುವೆ ನೋಂದಣಿಯಾದ ಮೇಲೆ ಬರಲಿ. ಗಂಡ ಹೆಂಡತಿಗೆ ಕೊಟ್ಟದ್ದಕ್ಕೆ ಸಿಗುವ ತೆರಿಗೆ ವಿನಾಯಿತಿ ಬರಿಯ ಸ್ನೇಹಿತರಿಗೆ ಸಿಗುವುದಿಲ್ಲ. ಆ ಜಮೀನು ಪೂರ್ತಿ ನಿಮ್ಮದೇ ಆಗುತ್ತದೆ, ಅವರದಲ್ಲ. ಈ ಮಾತನ್ನು ಇಬ್ಬರೂ ಮನಸಾರೆ ಒಪ್ಪಿದ್ದರೆ ಮಾತ್ರ ಅಡ್ವಾನ್ಸ್ ಕೊಡಿ.

ಅಜ್ಜನ ಮೂರೂವರೆ ಎಕರೆಯ ವಿಷಯ ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ವಿಶೇಷ ವಿವಾಹ ಕಾಯ್ದೆಯ 19ನೇ ಕಲಂ ಒಂದಿದೆ. ಅವಿಭಕ್ತ ಕುಟುಂಬದ ಹಿಂದೂ ಒಬ್ಬರು ಈ ಕಾಯ್ದೆಯಡಿ ಮದುವೆಯಾದರೆ ಆ ದಿನವೇ ಅವರು ಅವಿಭಕ್ತ ಕುಟುಂಬದಿಂದ ಬೇರೆಯಾದಂತೆ. 1976ರಲ್ಲಿ ಸೇರಿಸಿದ 21ಎ ಕಲಂ, ಇಬ್ಬರೂ ಹಿಂದೂಗಳಾಗಿದ್ದರೆ ಇದು ಅನ್ವಯಿಸದು ಎನ್ನುತ್ತದೆ, ನಿಮಗೆ ಅನ್ವಯಿಸುತ್ತದೆ. ಇದನ್ನು ಅರ್ಧ ಕೇಳಿದವರು ‘ಮಗಳ ಹಕ್ಕು ಹೋಯಿತು’ ಎಂದು ಹಬ್ಬಿಸುತ್ತಾರೆ. ಹೋಗುವುದಿಲ್ಲ. ಬೇರೆಯಾಗುವುದು ಎಂದರೆ ನಿಮ್ಮ ಪಾಲು ಅಂದಿಗೆ ಗುರುತಾಗಿ ನಿಲ್ಲುವುದು. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಹಕ್ಕಿದೆ ಎಂಬುದನ್ನು 2005ರ ತಿದ್ದುಪಡಿ ಹೇಳಿತು, 2020ರಲ್ಲಿ ಸುಪ್ರೀಂ ಕೋರ್ಟ್ ವಿನೀತಾ ಶರ್ಮಾ ಪ್ರಕರಣದಲ್ಲಿ ಗಟ್ಟಿ ಮಾಡಿತು. ಬದಲಾಗುವುದು ಮುಂದಿನದು: ನಿಮ್ಮ ಕಾಲದ ನಂತರ ನಿಮ್ಮ ಆಸ್ತಿ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಂತೆ ಹಂಚಿಕೆಯಾಗುತ್ತದೆ, ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಅಲ್ಲ. ಆದ್ದರಿಂದ ಒಂದು ಉಯಿಲು ಬರೆದಿಡಿ. ಅದಕ್ಕೂ ಮುಂಚೆ, ಕೊಯ್ಲಿನ ಗಡಿಬಿಡಿ ಇಲ್ಲದ ಒಂದು ಸಂಜೆ ಅಪ್ಪ, ಅಣ್ಣನ ಜೊತೆ ಕೂತು ಈ ಕಲಮನ್ನು ಓದಿ ಹೇಳಿ. ಇದನ್ನು ಮುಚ್ಚಿಟ್ಟು ಮದುವೆಯಾದ ಮನೆಗಳಲ್ಲಿ ಹತ್ತು ವರ್ಷದ ಮೇಲೆ ಅಣ್ಣ ತಂಗಿ ಕೋರ್ಟಿನಲ್ಲಿ ಎದುರುಬದುರು ನಿಂತದ್ದನ್ನು ನಾನು ನೋಡಿದ್ದೇನೆ.

ನೀವೇ ಜರ್ಮನಿಗೆ ಹೋಗುವುದಾದರೆ ದಾರಿ ಇಷ್ಟು ಕವಲಿನದಲ್ಲ. ಮದುವೆಯ ನಂತರ ಕುಟುಂಬ ಸೇರ್ಪಡೆಯ ವೀಸಾಕ್ಕೆ ಅರ್ಜಿ; ನಮ್ಮ ರಾಜ್ಯದವರಿಗೆ ಬೆಂಗಳೂರಿನ ಜರ್ಮನ್ ಕಾನ್ಸುಲೇಟ್. ಜರ್ಮನ್ ಪ್ರಜೆಯ ಪತ್ನಿಗೆ ಎ1, ಅಂದರೆ ಆರಂಭಿಕ ಮಟ್ಟದ ಜರ್ಮನ್ ಭಾಷೆ ಬರಬೇಕು, ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಪರೀಕ್ಷೆ ಬರೆಯಬಹುದು. ಅಲ್ಲಿನ ವಾಸದ ಪರವಾನಗಿ ಸಿಕ್ಕ ಮೇಲೆ ಕೆಲಸ ಮಾಡಲು ಬೇರೆ ಅನುಮತಿ ಬೇಡ. ಮೂರು ವರ್ಷದ ಮೇಲೆ, ಬಿ1, ಅಂದರೆ ಮಧ್ಯಮ ಮಟ್ಟದ ಭಾಷೆ ಕಲಿತಿದ್ದರೆ, ಕಾಯಂ ವಾಸದ ಪರವಾನಗಿ ಕೇಳಬಹುದು. ಈ ಮೂರು ವರ್ಷ ನಿಮಗೆ ಇನ್ನೊಂದು ಕಾರಣಕ್ಕೂ ಮುಖ್ಯ: ಅಷ್ಟು ಕಾಲ ಅಲ್ಲಿ ಒಟ್ಟಿಗೆ ಬಾಳಿದ ಮೇಲೆ, ದೇವರು ಹಾಗೆ ಮಾಡದಿರಲಿ, ಬೇರೆಯಾಗುವ ಸಂದರ್ಭ ಬಂದರೂ ಅಲ್ಲಿ ಇರುವ ಹಕ್ಕು ನಿಮ್ಮದೇ ಆಗಿ ಉಳಿಯುತ್ತದೆ. ದೌರ್ಜನ್ಯದಂಥ ಕಷ್ಟದ ಸಂದರ್ಭಗಳಿಗೆ ಅದಕ್ಕೂ ಮುಂಚೆ ರಕ್ಷಣೆ ಇದೆ. ಹೋಗುವ ಹೆಣ್ಣುಮಕ್ಕಳಿಗೆಲ್ಲ ನಾನು ಇದನ್ನು ಎರಡೆರಡು ಸಲ ಹೇಳುತ್ತೇನೆ.

2024ರ ಜೂನ್ ಕೊನೆಯಿಂದ ಜರ್ಮನಿ ಎರಡು ಪೌರತ್ವವನ್ನು ಒಪ್ಪುತ್ತದೆ. ಭಾರತ ಒಪ್ಪುವುದಿಲ್ಲ. ಅಲ್ಲಿನ ಪೌರತ್ವ ಪಡೆದ ದಿನವೇ ಇಲ್ಲಿನದು ಹೋಗುತ್ತದೆ, ಆಮೇಲೆ ನೀವೂ ಒಸಿಐ. ಕೈಯಲ್ಲಿರುವ ತೋಟ ಉಳಿಯುತ್ತದೆ, ಅಪ್ಪನಿಂದ ಬರುವುದೂ ಬರುತ್ತದೆ, ಹೊಸದಾಗಿ ಒಂದು ಗುಂಟೆ ತೋಟವನ್ನೂ ಕೊಳ್ಳುವಂತಿಲ್ಲ. ತೋಟದ ಮೇಲೆ ಮನಸ್ಸಿದ್ದರೆ ಕಾಯಂ ವಾಸದ ಪರವಾನಗಿಯಲ್ಲೇ ನಿಲ್ಲಿಸಿ, ಭಾರತದ ಪಾಸ್‌ಪೋರ್ಟ್ ಇಟ್ಟುಕೊಳ್ಳಿ.

ಈ ವಾರವೇ ಮಾಡಬೇಕಾದದ್ದು ಒಂದಿದೆ. ನಿಮ್ಮ ಜನನ ಪ್ರಮಾಣಪತ್ರ ತೆಗೆದು ನೋಡಿ. ನಿಮ್ಮ ವಯಸ್ಸಿನ ಎಷ್ಟೋ ಜನರದ್ದರಲ್ಲಿ ಹೆಸರಿನ ಜಾಗ ಖಾಲಿ ಇರುತ್ತದೆ, ‘ಹೆಣ್ಣು’ ಎಂದಷ್ಟೇ ಇರುತ್ತದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಹಿಂದೆ ಎರಡು ಇನಿಷಿಯಲ್, ಆಧಾರಿನಲ್ಲಿ ಒಂದು, ಪಾಸ್‌ಪೋರ್ಟಿನಲ್ಲಿ ಅದೇ ಬಿಚ್ಚಿ ಊರು ಮತ್ತು ಅಪ್ಪನ ಹೆಸರು. ನಮಗೆ ಇವೆಲ್ಲ ಒಬ್ಬರೇ ಎಂದು ಗೊತ್ತು. ಜರ್ಮನಿಯ ಕಚೇರಿಯ ಮೇಜಿನ ಮೇಲೆ ಅವು ಮೂವರು ಬೇರೆ ಬೇರೆ ಹೆಂಗಸರು. ಜನನ ನೋಂದಣಿಯಲ್ಲಿ ಹೆಸರು ಸೇರಿಸುವುದು, ಉಳಿದವನ್ನು ಪಾಸ್‌ಪೋರ್ಟಿಗೆ ಹೊಂದಿಸುವುದು ಒಂದೆರಡು ದಿನದ ಕೆಲಸವಲ್ಲ. ನಾಲ್ಕೂ ದಾಖಲೆಗಳ ಜೆರಾಕ್ಸ್ ತೆಗೆದು, ಹೆಸರು, ಅಪ್ಪನ ಹೆಸರು, ಹುಟ್ಟಿದ ತಾರೀಕು, ಹುಟ್ಟಿದ ಊರು ಎಲ್ಲೆಲ್ಲಿ ಬೇರೆಯಿದೆಯೋ ಅಲ್ಲಿ ಕೆಂಪು ಗೆರೆ ಎಳೆದುಕೊಂಡು ಬನ್ನಿ. ಯಾವುದನ್ನು ಮೊದಲು ತಿದ್ದಿಸಬೇಕು ಎಂಬುದನ್ನು ಕೂತು ನೋಡೋಣ.